ಪಿಲಿಕುಳದಲ್ಲಿ ಮೂರು ದಿನ: ಮುರಕಲ್ಲು, ಗರಿಕೆ ಮತ್ತು ಏಳು ಕ್ಲಬ್ಬಿನ ಗಾಲ್ಫ್

ಗುರುವಾರ

ಉಡುಪಿಯಿಂದ ಮಂಗಳೂರಿಗೆ ಹೊರಡುವ ಎಕ್ಸ್‌ಪ್ರೆಸ್ ಬಸ್ಸಿನ ಡಿಕ್ಕಿಗೆ ಗಾಲ್ಫ್ ಚೀಲ ಹಾಕುವ ಮೊದಲು ಒಂದು ಕೆಲಸ ಉಂಟು. ಚೀಲದಲ್ಲಿರುವ ಅತಿ ಉದ್ದದ ಕ್ಲಬ್ಬಿಗಿಂತ (ಚೆಂಡು ಹೊಡೆಯುವ ಕೋಲು) ನಾಲ್ಕು ಬೆರಳು ಉದ್ದವಿರುವ ಬಿದಿರಿನ ಕೋಲೊಂದನ್ನು ನಡುವೆ ನಿಲ್ಲಿಸಿ, ಕ್ಲಬ್ಬುಗಳ ತಲೆಗಳನ್ನು ಹಳೆಯ ಬೈರಾಸಿನಲ್ಲಿ (ಟವೆಲ್) ಒಟ್ಟಿಗೆ ಸುತ್ತಿ ಕಟ್ಟಬೇಕು. ಇಳಿಸುವಾಗ ಚೀಲ ತಲೆ ಕೆಳಗಾಗಿ ಬಿದ್ದರೆ ಏಟು ಕೋಲಿಗೆ ತಾಗುತ್ತದೆ, ಕ್ಲಬ್ಬಿಗಲ್ಲ. ಗ್ರಾಫೈಟ್ ಶಾಫ್ಟ್ (ಕ್ಲಬ್ಬಿನ ಉದ್ದ ಕಡ್ಡಿ) ಮುರಿಯುವುದು ಹೆಚ್ಚಾಗಿ ತಲೆ ಬಂದು ಸೇರುವ ಕುತ್ತಿಗೆಯಲ್ಲಿ. ಅಲ್ಲಿ ಬಂದ ಸಣ್ಣ ಬಿರುಕು ಮೊದಲು ಕಣ್ಣಿಗೆ ಕಾಣುವುದೇ ಇಲ್ಲ. ಮರುದಿನ ಹೊಡೆದಾಗ ಚೆಂಡಿನ ಜೊತೆ ತಲೆಯೂ ಹಾರುತ್ತದೆ.

ಅತಿ ಉದ್ದದ ಕ್ಲಬ್ ಎಂದರೆ ಡ್ರೈವರ್. ಅದನ್ನು ಮನೆಯಲ್ಲೇ ಬಿಟ್ಟು ಬರುವುದು ಇನ್ನೂ ಒಳ್ಳೆಯದು. ನಿಯಮದಂತೆ ಚೀಲದಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು, ಆದರೆ ಮಂಗಳೂರಿನ ಹೊರವಲಯದ ಪಿಲಿಕುಳದಂಥ ಗುಡ್ಡದ ಗಾಲ್ಫ್ ಮೈದಾನಕ್ಕೆ ಏಳು ಸಾಕು: ಒಂದು ಹೈಬ್ರಿಡ್ (ದೂರದ ಹೊಡೆತಕ್ಕೆ), 5, 7 ಮತ್ತು 9ನೇ ನಂಬರಿನ ಐರನ್ (ನಂಬರು ಚಿಕ್ಕದಾದಷ್ಟೂ ದೂರ ಹೆಚ್ಚು), ಪಿಚಿಂಗ್ ವೆಜ್, ಸ್ಯಾಂಡ್ ವೆಜ್ (ಎರಡೂ ಹತ್ತಿರದ ಎತ್ತರದ ಹೊಡೆತಕ್ಕೆ), ಪಟರ್ (ಚೆಂಡನ್ನು ಕುಳಿಗೆ ಉರುಳಿಸಲು). ಅಕ್ಕಪಕ್ಕದ ಎರಡು ಐರನ್‌ಗಳ ನಡುವೆ ದೂರದ ವ್ಯತ್ಯಾಸ ಸುಮಾರು 10 ಗಜ. ನಡುವಿನ ನಂಬರು ಇಲ್ಲದಾಗ ಹೆಚ್ಚು ದೂರ ಹೋಗುವ ಕ್ಲಬ್ಬನ್ನೇ ತೆಗೆದು, ಹಿಡಿಯನ್ನು ಒಂದಿಂಚು ಕೆಳಗೆ ಹಿಡಿದರೆ ಆ ಕೊರತೆ ಬಹುಪಾಲು ತುಂಬುತ್ತದೆ. ಡ್ರೈವರ್ ಕೊಡುವ 20–30 ಗಜದ ಲಾಭಕ್ಕಿಂತ ಅದು ಪೊದೆಗೆ ಕಳುಹಿಸುವ ಚೆಂಡಿನ ನಷ್ಟ ದೊಡ್ಡದು. ಕಳೆದ ಚೆಂಡಿಗೆ ದಂಡ ಒಂದೇ ಹೊಡೆತವಾದರೂ ಹಿಂದಿನ ಜಾಗದಿಂದಲೇ ಪುನಃ ಹೊಡೆಯಬೇಕಾಗುವುದರಿಂದ ಲೆಕ್ಕದಲ್ಲಿ ಎರಡು ಹೋಗುತ್ತದೆ. ಹೊಸದಾಗಿ ಬರುವವರು ಈ ಒಂದು ಮಾತನ್ನು ಒಪ್ಪಿಕೊಂಡರೆ ಅರ್ಧ ಕಷ್ಟ ಕಮ್ಮಿಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ನಮ್ಮ ಕರಾವಳಿಯಲ್ಲಿ ಮೂರು ಜಾಗ ನೋಡಬೇಕು. ಮೊದಲನೆಯದು ಸ್ಟೀಲ್ ಶಾಫ್ಟ್ ಗ್ರಿಪ್ಪಿನೊಳಗೆ ಸೇರುವ ಅಂಚು. ಬೆವರು ಮತ್ತು ಉಪ್ಪುಗಾಳಿ ಎರಡೂ ಅಲ್ಲಿ ನಿಂತು ತುಕ್ಕು ಹಿಡಿಸುತ್ತವೆ, ಹೊರಗಿನ ಹೊಳಪು ನೋಡಿದರೆ ಗೊತ್ತಾಗುವುದಿಲ್ಲ. ಎರಡನೆಯದು ತಲೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಕಟಕಟ ಸದ್ದು ಬಂದರೆ ಒಳಗಿನ ಅಂಟು ಬಿಟ್ಟಿದೆ. ಮೂರನೆಯದು ವೆಜ್‌ಗಳ ಮುಖದ ಗೀರುಗಳು. ಉಗುರು ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಆ ವೆಜ್ ಚೆಂಡನ್ನು ಗ್ರೀನಿನ (ಕುಳಿಯ ಸುತ್ತ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ಜಾಗ) ಮೇಲೆ ನಿಲ್ಲಿಸಲಾರದು. ಗ್ರಿಪ್ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅದೊಂದು ದೋಷವಲ್ಲ. ಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ, ನೆರಳಿನಲ್ಲಿ ಒಣಗಿಸಿದರೆ ಮುಕ್ಕಾಲು ಪಾಲು ಹಿಡಿತ ವಾಪಸ್ ಬರುತ್ತದೆ. ಬಿಸಿಲಿಗಿಟ್ಟರೆ ರಬ್ಬರ್ ಇನ್ನಷ್ಟು ಗಟ್ಟಿಯಾಗುತ್ತದೆ. ಹೊಸ ಗ್ರಿಪ್ಪೇ ಹಾಕುವುದಾದರೆ ಹೊರಡುವ ಹಿಂದಿನ ದಿನ ಮುಗಿಸಿ. ಹಳೆಯದನ್ನು ಕತ್ತರಿಸಿ, ಶಾಫ್ಟಿಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿ, ಗ್ರಿಪ್ಪಿನೊಳಗೂ ಟೇಪಿನ ಮೇಲೂ ಥಿನ್ನರ್ ಸುರಿದು ಒಂದೇ ಉಸಿರಿಗೆ ತಳ್ಳಬೇಕು. ನಡುವೆ ನಿಲ್ಲಿಸಿದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಕತ್ತರಿಸದೆ ಬೇರೆ ದಾರಿ ಇಲ್ಲ.

ಬಸ್ಸು ಹತ್ತುವ ಮೊದಲು ಒಂದು ಫೋನು. ಹೊರಗಿನವರಿಗೆ ಗ್ರೀನ್ ಫೀ (ಆಡುವ ಶುಲ್ಕ) ಎಷ್ಟು, ವಾರದ ದಿನಕ್ಕೂ ಭಾನುವಾರಕ್ಕೂ ದರ ಬೇರೆಯೇ, ಕ್ಯಾಡಿ (ಚೀಲ ಹೊತ್ತು ಸಲಹೆ ಕೊಡುವವರು) ಸಿಗುತ್ತಾರೆಯೇ, ಅವರಿಗೆ ಎಷ್ಟು ಕೊಡುವ ರೂಢಿ, ಬಾಡಿಗೆಗೆ ಸೆಟ್ ಉಂಟೇ, ಆ ದಿನ ಸ್ಪರ್ಧೆ ಏನಾದರೂ ನಡೆಯುತ್ತಿದೆಯೇ. ಕೊನೆಯ ಪ್ರಶ್ನೆ ಕೇಳದೆ ಹೋದವರು ಬಾಗಿಲಿನಿಂದಲೇ ವಾಪಸ್ ಬರಬೇಕಾಗುತ್ತದೆ. ಸೋಮವಾರವನ್ನು ಬಿಟ್ಟೇ ಯೋಜನೆ ಹಾಕಿ. ಕಾಲರ್ ಇರುವ ಟೀ ಶರ್ಟ್ ಮತ್ತು ಶೂ ಎಲ್ಲ ಕಡೆಯೂ ಕೇಳುತ್ತಾರೆ. ಗಾಲ್ಫ್ ಶೂ ಇಲ್ಲದಿದ್ದರೆ ತಳದಲ್ಲಿ ಒಳ್ಳೆಯ ಹಲ್ಲುಗಳಿರುವ ಕ್ಯಾನ್ವಾಸ್ ಶೂ ಆದೀತು.

ಕಾರಿನಲ್ಲಿ ಬರುವವರು ಕೂಳೂರು, ಕೊಟ್ಟಾರ, ಕೆಪಿಟಿ ದಾಟಿ ನಂತೂರಿನಲ್ಲಿ ಕಾರ್ಕಳ ರಸ್ತೆಗೆ ತಿರುಗಬೇಕು. ಕುಲಶೇಖರ, ಕುಡುಪು, ಆಮೇಲೆ ವಾಮಂಜೂರು; ಅಲ್ಲಿಂದ ಮೂಡುಶೆಡ್ಡೆಯ ದಾರಿ. ಬಸ್ಸಿನವರು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ವಾಮಂಜೂರು ಕಡೆಯ ಸಿಟಿ ಬಸ್ ಹಿಡಿಯಬಹುದು. ಆದರೆ ಬೆಳಗಿನ ಕಾಲೇಜು ಹೊತ್ತಿನಲ್ಲಿ ಗಾಲ್ಫ್ ಚೀಲ ಹಿಡಿದು ಸಿಟಿ ಬಸ್ ಹತ್ತುವುದು ಬೇರೆಯವರಿಗೆ ತೊಂದರೆ. ಆಟೋ ಮಾಡಿ.

ಪಿಲಿಕುಳ ನಿಸರ್ಗಧಾಮಕ್ಕೆ ಹೆಸರು ಬಂದದ್ದು ತುಳುವಿನಿಂದ: ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಜನ ಬರುವುದು ಮೃಗಾಲಯ, ಕೆರೆ, ಗುತ್ತಿನ ಮನೆ, ತಾರಾಲಯ ನೋಡಲು. ಅದೇ ಗುಡ್ಡದ ಒಂದು ಭಾಗದಲ್ಲಿ 18 ಹೋಲ್‌ಗಳ ಗಾಲ್ಫ್ ಮೈದಾನವೂ (ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯ ತನಕದ ಒಂದು ಹಾದಿ) ಇದೆ ಎಂಬುದು ಮಂಗಳೂರಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಗಾಲ್ಫ್ ಅಂದರೆ ಶ್ರೀಮಂತರ ಬೇಲಿಯೊಳಗಿನ ಆಟ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಇದಕ್ಕೆ ಕಾರಣ ಇಲ್ಲದಿಲ್ಲ: 1829ರ ಕಲ್ಕತ್ತಾ, 1876ರ ಬೆಂಗಳೂರು ಕ್ಲಬ್ಬುಗಳೆಲ್ಲ ಬ್ರಿಟಿಷರು ತಮಗಾಗಿ ಕಟ್ಟಿಕೊಂಡವು. ಆದರೆ ಆಟ ಹುಟ್ಟಿದ ಸ್ಕಾಟ್ಲೆಂಡಿನಲ್ಲಿ ಅದು ಊರಿನ ಗೋಮಾಳದ ಆಟ. ಸಮುದ್ರಕ್ಕೂ ಗದ್ದೆಗೂ ನಡುವೆ ಬೇಸಾಯಕ್ಕೆ ಬಾರದ, ಕುರಿ ಮೇಯುವ ಮರಳು ದಿಬ್ಬಗಳಲ್ಲಿ ಊರವರು ಆಡುತ್ತಿದ್ದರು. ಸೇಂಟ್ ಆಂಡ್ರೂಸಿನ ಓಲ್ಡ್ ಕೋರ್ಸ್ ಇವತ್ತಿಗೂ ಸಾರ್ವಜನಿಕ ಜಾಗ; ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟ ಇಲ್ಲ, ಊರವರು ನಾಯಿ ಕಟ್ಟಿಕೊಂಡು ಫೇರ್‌ವೇ (ಆಟದ ಹಾದಿಯ ಕತ್ತರಿಸಿದ ಹುಲ್ಲು) ಮೇಲೆ ಅಡ್ಡಾಡುತ್ತಾರೆ. 18 ಹೋಲ್ ಎಂಬ ಲೆಕ್ಕ ಬಂದದ್ದೂ ಅಲ್ಲಿಂದಲೇ, 1764ರಲ್ಲಿ 22ನ್ನು 18ಕ್ಕೆ ಇಳಿಸಿದಾಗ. ಊರಿನ ಜಾಗದಲ್ಲಿ ಕೈಗೆಟುಕುವ ಖರ್ಚಿನಲ್ಲಿ ಆಡುವುದು ಗಾಲ್ಫಿನ ಹಳೆಯ ರೂಪ. ದುಬಾರಿ ರೂಪ ಆಮೇಲೆ ಬಂದದ್ದು.

ಸಂಜೆ ನಾಲ್ಕರ ಮೇಲೆ, ಅನುಮತಿ ಕೇಳಿ, ಒಂದು ಗಂಟೆ ಪಟರ್ ಮಾತ್ರ ಹಿಡಿದು ಹುಲ್ಲಿನ ಮೇಲೆ ಕೂರಬೇಕು. ಹೌದು, ಕೂರಬೇಕು. ನಮ್ಮಂಥ ಸೆಕೆಯ ಊರುಗಳಲ್ಲಿ ಗಾಲ್ಫಿನ ಹುಲ್ಲು ಬಹುಪಾಲು ಬರ್ಮುಡಾ ಜಾತಿಯದು. ಹೆಸರು ಪರದೇಶದ್ದಾದರೂ ಗಿಡ ನಮ್ಮದೇ: ಗಣಪತಿಗೆ ಏರಿಸುವ ಗರಿಕೆ. ಗ್ರೀನಿಗೆ ಹಾಕುವುದು ಅದರ ಕುಳ್ಳ ಮಿಶ್ರ ತಳಿಗಳು. ಅಂಗಳದ ಗರಿಕೆಯನ್ನು ಕಿತ್ತವರಿಗೆಲ್ಲ ಅದರ ಸ್ವಭಾವ ಗೊತ್ತು. ಅದು ನೆಟ್ಟಗೆ ಬೆಳೆಯುವುದಕ್ಕಿಂತ ನೆಲದ ಮೇಲೆ ಹರಿಯುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಒಂದು ದಿಕ್ಕಿಗೆ ಮಲಗುತ್ತದೆ. ಮಲಗಿದ ದಿಕ್ಕೇ ಪಟ್ಟಿನ (ಪಟರಿನಿಂದ ಚೆಂಡನ್ನು ಉರುಳಿಸುವ ಹೊಡೆತ) ವೇಗ. ಹುಲ್ಲು ಹೊಳೆಯುತ್ತ ಬೆಳ್ಳಗೆ ಕಂಡರೆ ಅದು ನಮ್ಮಿಂದ ದೂರಕ್ಕೆ ಮಲಗಿದೆ, ಚೆಂಡು ಓಡುತ್ತದೆ. ಕಪ್ಪು ಹಸಿರಾಗಿ ಕಂಡರೆ ನಮ್ಮ ಕಡೆಗೆ ಮಲಗಿದೆ, ಚೆಂಡು ತಡೆಯುತ್ತದೆ.

ಇದಕ್ಕಿಂತ ಖಚಿತವಾದ ಗುರುತು ಕುಳಿಯ ಬಾಯಲ್ಲಿದೆ. ಕುಳಿಯ ಅಗಲ 108 ಮಿಲಿಮೀಟರ್, ಜಗತ್ತಿನ ಎಲ್ಲ ಕಡೆಯೂ ಅಷ್ಟೇ. ಬಗ್ಗಿ ಅಂಚನ್ನು ಸುತ್ತಲೂ ನೋಡಿ. ಒಂದು ಬದಿ ಬ್ಲೇಡಿನಲ್ಲಿ ಕೊಯ್ದ ಹಾಗೆ ಚೊಕ್ಕವಾಗಿರುತ್ತದೆ. ಎದುರು ಬದಿ ಹರಿದು, ಸ್ವಲ್ಪ ಕಂದಾಗಿರುತ್ತದೆ. ಆ ಹರಿದ ಬದಿಯ ಎಲೆಗಳ ಬೇರು ಕುಳಿ ತೋಡುವಾಗ ಕತ್ತರಿಸಿ ಹೋಗಿರುತ್ತದೆ, ಅದಕ್ಕೇ ಅವು ಒಣಗುತ್ತವೆ. ಅಂದರೆ ಹುಲ್ಲು ಚೊಕ್ಕ ಬದಿಯಿಂದ ಹರಿದ ಬದಿಗೆ ಮಲಗಿದೆ. ಆ ದಿಕ್ಕಿನಲ್ಲಿ ಹತ್ತು ಹೆಜ್ಜೆ ದೂರದಿಂದ ಐದು ಚೆಂಡು, ಎದುರಿನಿಂದ ಐದು ಚೆಂಡು ತಳ್ಳಿ ನೋಡಿ. ಒಂದೇ ಬಲಕ್ಕೆ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಕೈಗೆ ಗೊತ್ತಾಗಬೇಕು. ಈ ಅಭ್ಯಾಸ ಬಿಟ್ಟು ಬೆಳಿಗ್ಗೆ ನೇರ ಆಟಕ್ಕೆ ಇಳಿದವರು ಮೊದಲ ಐದಾರು ಗ್ರೀನುಗಳಲ್ಲಿ ಮೂರು ಮೂರು ಸಲ ಪಟ್ಟು ಹೊಡೆಯುತ್ತಾರೆ.

ಶುಕ್ರವಾರ

ನವೆಂಬರ್ ಕೊನೆಯಲ್ಲಿ ಮಂಗಳೂರಿನಲ್ಲಿ ಸೂರ್ಯ ಏಳುವುದು ಆರೂವರೆಯ ಆಸುಪಾಸು. ಆ ಹೊತ್ತಿಗೆ ಮೊದಲ ಟೀ (ಹೋಲಿನ ಮೊದಲ ಹೊಡೆತದ ಸಮತಟ್ಟು ಜಾಗ) ಹತ್ತಿರ ಇದ್ದರೆ ಹತ್ತೂವರೆಗೆ, ಬಿಸಿಲು ತಲೆಗೇರುವ ಮುಂಚೆ, ನಾಲ್ವರ ಗುಂಪು ಬಹುಪಾಲು ಆಟ ಮುಗಿಸಬಹುದು. ನವೆಂಬರ್‌ನಿಂದ ಫೆಬ್ರವರಿ ತನಕ ಇಲ್ಲಿ ಆಡುವ ಕಾಲ. ಮಳೆಗಾಲದಲ್ಲಿ ನೆಲ ನೀರು ಕುಡಿದು ಚೆಂಡು ಬಿದ್ದಲ್ಲೇ ಹೂತುಹೋಗುತ್ತದೆ. ಏಪ್ರಿಲ್‌–ಮೇಯಲ್ಲೂ ಅಕ್ಟೋಬರ್‌ನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಮೊದಲ ಗುಡುಗು ಕೇಳಿದ ಕೂಡಲೇ ಕ್ಲಬ್ ಕೆಳಗಿಟ್ಟು ಕಟ್ಟಡದೊಳಗೆ ಹೋಗಬೇಕು. ಗುಡ್ಡದ ಮೇಲಿನ ಒಂಟಿ ಮರದ ಬುಡ ಅತ್ಯಂತ ಅಪಾಯದ ಜಾಗ. ಸಿಡಿಲಿನ ಭಯಕ್ಕೆ ಆಟ ನಿಲ್ಲಿಸಿದರೆ ದಂಡ ಇಲ್ಲವೆಂದು ನಿಯಮವೇ ಹೇಳುತ್ತದೆ.

ಬೆಳಗಿನ ತಿಂಡಿಗೆ ಎರಡು ಬನ್ಸ್, ಒಂದು ಚಹಾ. ಗೋಳಿಬಜೆ ಆಟ ಮುಗಿದ ಮೇಲಿರಲಿ, ಎಣ್ಣೆಯ ಕೈಗೆ ಗ್ರಿಪ್ ನಿಲ್ಲುವುದಿಲ್ಲ. ಚೀಲದಲ್ಲಿ ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಸಣ್ಣ ಬಾಟಲಿಯಲ್ಲಿ ಉಪ್ಪು ಹಾಕಿದ ಪುನರ್ಪುಳಿ, ಎರಡು ಕೈಗವಸು, ಎರಡು ಬೈರಾಸು. ಕೈಗವಸು ಎರಡು ಏಕೆಂದರೆ ನಮ್ಮ ಸೆಕೆಗೆ ತೊಟ್ಟದ್ದು ಮೂರು ಹೋಲಿನಲ್ಲೇ ಒದ್ದೆಯಾಗುತ್ತದೆ. ಅದನ್ನು ಚೀಲದ ಹೊರಗೆ ತೂಗುಹಾಕಿ ಇನ್ನೊಂದು ತೊಡಬೇಕು, ಮೂರು ಹೋಲಿಗೊಮ್ಮೆ ಅದಲು ಬದಲು. ಒದ್ದೆ ಗ್ರಿಪ್ಪಿನಲ್ಲಿ ಕ್ಲಬ್ ತಿರುಗದಂತೆ ಬಿಗಿ ಹಿಡಿಯುವವರ ಮಣಿಕಟ್ಟು ಗಟ್ಟಿಯಾಗುತ್ತದೆ, ಚೆಂಡು ಬಲಕ್ಕೆ ಸರಿಯುತ್ತದೆ. ಹೊಡೆತ ಕೆಟ್ಟಿತೆಂದು ಸ್ವಿಂಗ್ ತಿದ್ದಲು ಹೊರಡುವ ಮೊದಲು ಕೈ ಒರೆಸಿಕೊಂಡು ನೋಡಿ.

ಚೆಂಡು ಒಂಬತ್ತು ಇರಲಿ, ಅದರಲ್ಲಿ ಆರು ಹಳೆಯವು. ಎಲ್ಲದರ ಮೇಲೂ ನಿಮ್ಮದೇ ಗುರುತು, ಪೆನ್ನಿನಲ್ಲಿ ಮೂರು ಚುಕ್ಕೆಯೋ ಇನ್ನೇನೋ. ಪೊದೆಯ ಹತ್ತಿರ ಒಂದೇ ಕಂಪನಿಯ ಒಂದೇ ನಂಬರಿನ ಎರಡು ಚೆಂಡು ಸಿಕ್ಕಿ, ಯಾವುದು ನಿಮ್ಮದೆಂದು ಹೇಳಲಾಗದಿದ್ದರೆ ಎರಡೂ ಕಳೆದ ಲೆಕ್ಕವೇ.

ಕ್ಯಾಡಿ ಸಿಕ್ಕಿದರೆ ಖಂಡಿತ ಕರೆದುಕೊಳ್ಳಿ. ದೂರವನ್ನು ಯಂತ್ರವೂ ಹೇಳುತ್ತದೆ, ಆದರೆ ಚೆಂಡು ಬಿದ್ದ ಮೇಲೆ ಯಾವ ಕಡೆಗೆ ಉರುಳುತ್ತದೆ ಎಂದು ಹೇಳುವುದು ಆ ನೆಲ ತುಳಿದವರಿಗೆ ಮಾತ್ರ ಸಾಧ್ಯ. "ಏಳು ಬೇಡ ಸರ್, ಐದು ತೆಕ್ಕೊಳ್ಳಿ. ಮೇಲೆ ಉಂಟು" ಎಂದಾಗ ವಾದ ಮಾಡದೆ ಐದನ್ನು ತೆಗೆದುಕೊಳ್ಳಬೇಕು. ಲೆಕ್ಕವೂ ಅದನ್ನೇ ಹೇಳುತ್ತದೆ. ಗ್ರೀನ್ ಹತ್ತು ಗಜ ಎತ್ತರದಲ್ಲಿದ್ದರೆ ದೂರಕ್ಕೆ ಸುಮಾರು ಹತ್ತು ಗಜ ಸೇರಿಸಬೇಕು. ತಗ್ಗಿನಲ್ಲಿದ್ದರೆ ಅಷ್ಟೇ ಕಳೆಯಬೇಕು. ಏರಿನಲ್ಲಿ ಕಣ್ಣು ಯಾವಾಗಲೂ ಹತ್ತಿರವೆಂದೇ ತೋರಿಸುತ್ತದೆ.

ಗುಡ್ಡದಲ್ಲಿ ನೆಟ್ಟಗೆ ನಿಂತು ಹೊಡೆಯುವ ಜಾಗ ಟೀ ಮಾತ್ರ. ಉಳಿದ ಕಡೆ ಇಳಿಜಾರನ್ನು ಲೆಕ್ಕ ಹಾಕಬೇಕು. ಬಲಗೈ ಆಟಗಾರರಿಗೆ ಚೆಂಡು ಪಾದಕ್ಕಿಂತ ಎತ್ತರದಲ್ಲಿದ್ದರೆ ಅದು ಎಡಕ್ಕೆ ಹೋಗುತ್ತದೆ. ಹಿಡಿ ಇಳಿಸಿ, ಬಲಕ್ಕೆ ಗುರಿಯಿಡಿ. ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಮಂಡಿ ಇನ್ನಷ್ಟು ಬಗ್ಗಿಸಿ, ಕೊನೆ ತನಕ ಏಳಬೇಡಿ. ಎದುರು ಏರಿನಲ್ಲಿ ಚೆಂಡು ಎತ್ತರಕ್ಕೆ ಹೋಗಿ ಗಿಡ್ಡ ಬೀಳುತ್ತದೆ, ಇಳಿಜಾರಿನಲ್ಲಿ ತಗ್ಗಾಗಿ ಹಾರಿ ಬಹಳ ಓಡುತ್ತದೆ. ಇಳಿಜಾರಿನ ಲೈಯಲ್ಲಿ (ಚೆಂಡು ಕೂತ ಸ್ಥಿತಿ) ಎಲ್ಲರೂ ಮಾಡುವ ತಪ್ಪು ಒಂದೇ, ಚೆಂಡನ್ನು ಕೈಯಿಂದ ಎತ್ತಿ ಕೊಡಲು ನೋಡುವುದು. ಭುಜವನ್ನು ಇಳಿಜಾರಿಗೆ ಸಮಾನಾಂತರವಾಗಿ ಓರೆ ಮಾಡಿ, ಚೆಂಡು ಒಂದು ಚೆಂಡಿನಷ್ಟು ಹಿಂದಿನ ಪಾದದ ಕಡೆಗೆ ಬರುವಂತೆ ನಿಂತು, ಒಂದು ನಂಬರ್ ಕಮ್ಮಿ ದೂರದ ಕ್ಲಬ್ಬಿನಲ್ಲಿ ಮುಕ್ಕಾಲು ಸ್ವಿಂಗ್ ಮಾಡಿದರೆ ಸಾಕು.

ಇನ್ನು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ದಕ್ಷಿಣ ಕನ್ನಡದ ಕರಾವಳಿಯ ಗುಡ್ಡಗಳು ಬಹುಪಾಲು ಇದರದ್ದೇ. ಅಗೆಯುವಾಗ ಮೆತ್ತಗೆ, ಗಾಳಿಗೆ ತೆರೆದುಕೊಂಡ ಮೇಲೆ ಕಬ್ಬಿಣದ ಹಾಗೆ. ನಮ್ಮ ಮನೆಗಳ ಗೋಡೆಗೆ ಬಂದ ಆ ಗುಣವೇ ಗಾಲ್ಫ್ ಕ್ಲಬ್ಬಿಗೆ ಶತ್ರು. ಡಿಸೆಂಬರ್ ಬರುವಷ್ಟರಲ್ಲಿ ನೆಲದ ಮೇಲ್ಪದರ ಒಣಗಿ, ಹುಲ್ಲು ತೆಳುವಾದ ಕಡೆ ಕಲ್ಲು ಒಂದೆರಡು ಬೆರಳಿನ ಕೆಳಗೇ ಇರುತ್ತದೆ. ಚೆಂಡಿನ ಹಿಂದೆ ಹೆಬ್ಬೆರಳು ಒತ್ತಿ ಪರೀಕ್ಷೆ ಮಾಡುವಂತಿಲ್ಲ, ಅದು ಲೈ ತಿದ್ದಿದಂತೆ, ದಂಡ ಬೀಳುತ್ತದೆ. ಬದಲಿಗೆ ಚೆಂಡಿನಿಂದ ಎರಡು ಮೂರು ಹೆಜ್ಜೆ ಆಚೆ ಅದೇ ಥರದ ನೆಲದ ಮೇಲೆ ಒಂದು ಪ್ರಾಕ್ಟೀಸ್ ಸ್ವಿಂಗ್ ಮಾಡಿ, ಸದ್ದು ಕೇಳಿ. "ಧಪ್" ಎಂದರೆ ಮಣ್ಣು, ಐರನ್ ಹೊಡೆಯಬಹುದು. "ಟಣ್" ಎಂದರೆ ಕಲ್ಲು. ಅಲ್ಲಿ ಕ್ಲಬ್ಬನ್ನು ಕೆಳಮುಖವಾಗಿ ಇಳಿಸಿದರೆ ತಳ ಕಚ್ಚು ಬೀಳುತ್ತದೆ, ತಲೆ ಬಾಗುತ್ತದೆ, ಕೆಲವೊಮ್ಮೆ ಮಣಿಕಟ್ಟು ವಾರಗಟ್ಟಲೆ ನೋಯುತ್ತದೆ. ಹೈಬ್ರಿಡ್ ಹಿಡಿದು ಪಟ್ಟಿನ ಹಾಗೆ ಗುಡಿಸುವುದು ಒಂದು ದಾರಿ.

ಇನ್ನೊಂದು ದಾರಿ ನಿಯಮದ್ದು. ಸಡಿಲವಾಗಿ ಬಿದ್ದ ಕಲ್ಲಿನ ಚೂರು, ತರಗೆಲೆ, ಗೇರಿನ ಕಡ್ಡಿ ಇವೆಲ್ಲವನ್ನೂ ದಂಡವಿಲ್ಲದೆ ಎತ್ತಿ ಬಿಸಾಡಬಹುದು. 2019ರ ಬಳಿಕ ಬಂಕರಿನೊಳಗೂ (ಮರಳಿನ ಗುಂಡಿ) ಎತ್ತಬಹುದು. ಆದರೆ ಎತ್ತುವಾಗ ಚೆಂಡು ಕದಲಿದರೆ, ಟೀ ಮತ್ತು ಗ್ರೀನ್ ಬಿಟ್ಟು ಬೇರೆ ಕಡೆ, ಒಂದು ಹೊಡೆತ ದಂಡ, ಚೆಂಡನ್ನು ಮೊದಲಿದ್ದಲ್ಲೇ ಇಡಬೇಕು. ಹಾಗಾಗಿ ಚೆಂಡಿಗೆ ಒರಗಿದ ಚೂರನ್ನು ಮುಟ್ಟದಿರುವುದೇ ಮೇಲು. ನೆಲದಲ್ಲಿ ಹೂತ ಕಲ್ಲು ಈ ರಿಯಾಯಿತಿಯಲ್ಲಿ ಬರುವುದಿಲ್ಲ. ಅದರ ಮೇಲೆ ಕೂತ ಚೆಂಡನ್ನು "ಆಡಲಾಗದು" ಎಂದು ಘೋಷಿಸಿ, ಒಂದು ಹೊಡೆತ ದಂಡ ತೆತ್ತು, ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಮಂಡಿಯ ಎತ್ತರದಿಂದ ಚೆಂಡು ಬೀಳಿಸಬಹುದು. ಅಳೆಯಲು ಚೀಲದ ಅತಿ ಉದ್ದದ ಕ್ಲಬ್ಬನ್ನೇ ಬಳಸಬೇಕು, ಪಟರ್ ಲೆಕ್ಕಕ್ಕಿಲ್ಲ. ಒಂದು ಹೊಡೆತ ಹೋಯಿತೆಂದು ಬೇಸರ ಬೇಡ. ಕ್ಲಬ್ಬೂ ಕೈಯೂ ಉಳಿಯಿತು.

ಗಟ್ಟಿ ನೆಲದಿಂದ ಲಾಭವೂ ಉಂಟು. ಗ್ರೀನಿನ ಎದುರು 30–40 ಗಜದಲ್ಲಿ ವೆಜ್ ಹಿಡಿದು ಚೆಂಡನ್ನು ಆಕಾಶಕ್ಕೆ ಎತ್ತಿದರೆ ಅದು ಗಟ್ಟಿ ಗ್ರೀನಿನ ಮೇಲೆ ಬಿದ್ದು ಪುಟಿದು ಹಿಂದಿನ ಪೊದೆಗೆ ಹೋಗುತ್ತದೆ. ಅದರ ಬದಲು 9 ಐರನ್, ಪಾದಗಳು ಹತ್ತಿರ, ಚೆಂಡು ಬಲಪಾದದ ಕಡೆಗೆ, ಕೈಗಳು ಚೆಂಡಿಗಿಂತ ಮುಂದೆ. ಪಟ್ಟಿನ ಥರ ತಳ್ಳಿ. ಮೂರರಲ್ಲೊಂದು ಪಾಲು ಗಾಳಿಯಲ್ಲಿ, ಎರಡು ಪಾಲು ನೆಲದ ಮೇಲೆ. ಎಲ್ಲಿ ಬೀಳಿಸಬೇಕೆಂದು ಒಂದು ಎಲೆಯನ್ನೋ ಒಂದು ಬಣ್ಣದ ಕಲೆಯನ್ನೋ ಗುರುತಿಟ್ಟುಕೊಂಡು ಅದನ್ನೇ ನೋಡಿ ಹೊಡೆಯಿರಿ, ಬಾವುಟವನ್ನಲ್ಲ. ಈ ಒಂದು ಹೊಡೆತ ಬಂದವರಿಗೆ ಇಲ್ಲಿ ದುಬಾರಿ ಚೆಂಡೂ ಬೇಡ, ದುಬಾರಿ ವೆಜ್ಜೂ ಬೇಡ.

ಚೆಂಡು ಪೊದೆಗೆ ಹೋಗಿದೆ ಎಂಬ ಅನುಮಾನ ಬಂದರೆ ಅಲ್ಲಿಗೆ ನಡೆಯುವ ಮುಂಚೆಯೇ, ಬಾಯಿಬಿಟ್ಟು "ಪ್ರೊವಿಷನಲ್" (ತಾತ್ಕಾಲಿಕ ಚೆಂಡು) ಎಂದು ಹೇಳಿ ಎರಡನೇ ಚೆಂಡು ಹೊಡೆಯಬೇಕು. ಹೇಳದೆ ಹೊಡೆದರೆ ಆ ಎರಡನೆಯದೇ ಆಟದ ಚೆಂಡಾಗುತ್ತದೆ, ಮೊದಲನೆಯದು ಸಿಕ್ಕಿದರೂ ಪ್ರಯೋಜನವಿಲ್ಲ. ಹುಡುಕಲು ಸಮಯ ಮೂರೇ ನಿಮಿಷ. ಮೊದಲು ಐದಿತ್ತು, 2019ರಲ್ಲಿ ಇಳಿಸಿದರು. ಹುಡುಕುವಾಗ ಕೈ ಹಾಕಬೇಡಿ, ಕ್ಲಬ್ಬಿನಿಂದ ಸೊಪ್ಪು ಸರಿಸಿ. ತರಗೆಲೆಯ ಬಣ್ಣಕ್ಕೂ ಮಂಡಲದ ಹಾವಿನ ಬಣ್ಣಕ್ಕೂ ಬೆಳಗಿನ ಬೆಳಕಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಚೆಂಡಿನ ಹತ್ತಿರ ಹಾವು, ಜೇನುಗೂಡು ಅಥವಾ ಕಚ್ಚುವ ಇರುವೆಯ ಗೂಡು ಇದ್ದರೆ ದಂಡವಿಲ್ಲದೆ ದೂರ ಸರಿದು ಚೆಂಡು ಬೀಳಿಸಬಹುದು ಎಂದು ನಿಯಮ 16.2 ಹೇಳುತ್ತದೆ. ನಿಂತ ಚೆಂಡನ್ನು ಕಾಗೆ ಎತ್ತಿಕೊಂಡು ಹೋದರೂ ದಂಡವಿಲ್ಲ. ಇದ್ದಲ್ಲಿಯೇ ಇನ್ನೊಂದು ಚೆಂಡು ಇಟ್ಟು ಮುಂದುವರಿಸುವುದು. ಕೆಂಪು ಗೂಟದ ನೀರಿನ ಜಾಗಕ್ಕೆ ಹೋದರೆ, ದಾಟಿದ ಬಿಂದುವಿನಿಂದ ಎರಡು ಕ್ಲಬ್ ಉದ್ದದೊಳಗೆ, ಒಂದು ದಂಡಕ್ಕೆ, ಚೆಂಡು ಬೀಳಿಸಬಹುದು. ಹಳದಿ ಗೂಟವಾದರೆ ಈ ಪಕ್ಕದ ಸೌಕರ್ಯವಿಲ್ಲ, ಗೆರೆಯಲ್ಲಿ ಹಿಂದಕ್ಕೆ ಹೋಗಬೇಕು ಅಥವಾ ಮೊದಲಿನ ಜಾಗಕ್ಕೆ.

ಗ್ರೀನಿಗೆ ಬಂದ ಮೇಲೆ ಮೊದಲು ಮಾಡಬೇಕಾದ ಕೆಲಸ ಪಟ್ಟು ಅಲ್ಲ. ಎತ್ತರದಿಂದ ಬಿದ್ದ ಚೆಂಡು ಮಾಡಿದ ಗುಳಿಯನ್ನು ಹುಡುಕಿ ಮುಚ್ಚಬೇಕು. ಕಡಿಮೆ ಖರ್ಚಿನ ಮೈದಾನ ಉಳಿಯುವುದು ಆಳುಗಳ ಸಂಖ್ಯೆಯಿಂದಲ್ಲ, ಆಡುವವರ ಕೈಯಿಂದ. ಇಲ್ಲಿ ಹೆಚ್ಚಿನವರು ಮಾಡುವುದೇ ತಪ್ಪು. ಫೋರ್ಕನ್ನು ಗುಳಿಯ ಕೆಳಗೆ ತೂರಿಸಿ ಮಣ್ಣನ್ನು ಮೇಲಕ್ಕೆ ಎತ್ತುತ್ತಾರೆ. ಆಗ ಬೇರು ಹರಿದು, ಆ ಜಾಗ ನಾಲ್ಕೇ ದಿನದಲ್ಲಿ ಕಂದು ಬೊಟ್ಟಾಗುತ್ತದೆ. ಸರಿಯಾದ ಕ್ರಮ ಹೀಗೆ: ಫೋರ್ಕನ್ನು ಗುಳಿಯ ಅಂಚಿನ ಹೊರಗೆ ಚುಚ್ಚಿ, ಹಿಡಿಯನ್ನು ಗುಳಿಯ ನಡುವಿನ ಕಡೆಗೆ ಬಾಗಿಸಿ ಹುಲ್ಲನ್ನು ಒಳಕ್ಕೆ ತಳ್ಳಬೇಕು. ಸುತ್ತ ನಾಲ್ಕೈದು ಕಡೆ ಹೀಗೆ ಮಾಡಿ, ಪಟರಿನ ತಳದಿಂದ ಮೆಲ್ಲ ತಟ್ಟಿದರೆ ಮುಗಿಯಿತು. ಹತ್ತು ಸೆಕೆಂಡಿನ ಕೆಲಸ. ನಿಮ್ಮದೊಂದು, ಹಿಂದಿನವರು ಬಿಟ್ಟದ್ದು ಇನ್ನೊಂದು.

ಫೇರ್‌ವೇಯಲ್ಲಿ ಐರನ್ ಕಿತ್ತ ಹೆಂಟೆಯ ವಿಚಾರ ಬೇರೆ. ಗರಿಕೆಯ ಹೆಂಟೆಯನ್ನು ತಂದು ವಾಪಸ್ ಕೂರಿಸಿದರೆ ಅದು ಬಹುತೇಕ ಒಣಗಿಯೇ ಹೋಗುತ್ತದೆ. ಗಾಯಕ್ಕೆ ಮರಳು ತುಂಬಿ, ಕಾಲಿನಿಂದ ಒತ್ತಿ, ಸುತ್ತಲ ನೆಲಕ್ಕೆ ಸಮ ಮಾಡಿದರೆ ಪಕ್ಕದ ಗರಿಕೆಯೇ ಹರಿದು ಬಂದು ಮುಚ್ಚುತ್ತದೆ. ದಿಬ್ಬದ ಹಾಗೆ ಎತ್ತರ ಬಿಟ್ಟರೆ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಮರಳು ಸಿಕ್ಕಿ ಅಲಗು ಹೋಗುತ್ತದೆ. ಚೀಲದ ಪಕ್ಕದಲ್ಲಿ ಒಂದು ಬಾಟಲಿ ಮರಳು ಇದ್ದರೆ ಸಾಕು.

ಮೊದಲ ನಾಲ್ಕೈದು ಗ್ರೀನುಗಳಲ್ಲಿ ಮಂಜಿನ ನೀರು ಇರುತ್ತದೆ. ಚೆಂಡು ಉರುಳಿದ ದಾರಿ ಒಂದು ಕಪ್ಪು ಗೆರೆಯಾಗಿ ಉಳಿಯುವುದನ್ನು ನೋಡಿ: ಎಲ್ಲಿ ತಿರುಗಿತು, ಎಲ್ಲಿ ಸುಸ್ತಾಯಿತು ಎಲ್ಲವೂ ಬರೆದಿಟ್ಟ ಹಾಗೆ. ಆಮೇಲೆ ಆಡುವವರು ಪುಣ್ಯವಂತರು, ನಿಮ್ಮ ಪಟ್ಟಿಗೂ ಅದೇ ದಾರಿಯಿದ್ದರೆ ಉತ್ತರ ಸಿಕ್ಕಿತು. ಎಂಟು ಗಂಟೆಯ ನಂತರ ಮಂಜು ಆರಿ ವೇಗ ಹೆಚ್ಚುತ್ತದೆ. ಬೆಳಗಿನ ಬಲದಲ್ಲೇ ಹೊಡೆದವರ ಚೆಂಡು ಐದಡಿ ದಾಟಿ ಹೋಗುವುದು ಆಗಲೇ. ಬಾವುಟದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ಟು ಹೊಡೆಯಲು ಈಗ ಅವಕಾಶವಿದೆ. ಇಳಿಜಾರಿನ ಪಟ್ಟಿಗೆ ಬಿಡುವುದೇ ಲಾಭ, ಸಮಯವೂ ಉಳಿಯುತ್ತದೆ.

ಹದಿನೆಂಟು ಹೋಲ್ ನಡೆದರೆ ಏಳೆಂಟು ಕಿಲೋಮೀಟರ್, ಅದರಲ್ಲಿ ಏರು ಇಳಿತ ಬೇರೆ. ಹನ್ನೆರಡು ಹದಿಮೂರನೇ ಹೋಲಿನ ಹೊತ್ತಿಗೆ ಕಾಲು ಸೋಲುತ್ತದೆ. ಆಗ ಚೆಂಡಿಗಿಂತ ಮೊದಲು ನೆಲಕ್ಕೆ ಕ್ಲಬ್ ತಾಗಲು ಶುರು. ಬಾಯಾರಿಕೆ ಆಗುವ ಮೊದಲೇ, ಪ್ರತಿ ಎರಡು ಹೋಲಿಗೆ ನಾಲ್ಕು ಗುಟುಕು ಕುಡಿದವರಿಗೆ ಇದು ತಡವಾಗಿ ಬರುತ್ತದೆ. ಹೊಸಬರು ಒಂಬತ್ತಕ್ಕೇ ನಿಲ್ಲಿಸಿದರೆ ತಪ್ಪೇನೂ ಇಲ್ಲ.

ಮಧ್ಯಾಹ್ನ ಊಟ, ನಿದ್ದೆ. ಸಂಜೆ ನಿಸರ್ಗಧಾಮದ ಕೆರೆ ಬದಿ.

ಶನಿವಾರ

ಇವತ್ತು ಒಂಬತ್ತೇ ಹೋಲ್, ಸ್ಟೇಬಲ್‌ಫೋರ್ಡ್ ಲೆಕ್ಕದಲ್ಲಿ. 1932ರಲ್ಲಿ ಇಂಗ್ಲೆಂಡಿನ ವಾಲಸೀ ಕ್ಲಬ್ಬಿನಲ್ಲಿ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಬಳಕೆಗೆ ತಂದ ಪದ್ಧತಿ ಇದು. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಕೊಡುವ ಹೊಡೆತಗಳ ರಿಯಾಯಿತಿ) ಕಳೆದ ಮೇಲೆ ಪಾರ್ (ಆ ಹೋಲಿಗೆ ಗೊತ್ತುಪಡಿಸಿದ ಹೊಡೆತಗಳ ಸಂಖ್ಯೆ) ಬಂದರೆ ಎರಡು ಅಂಕ, ಒಂದು ಹೆಚ್ಚಾದರೆ ಒಂದು ಅಂಕ, ಒಂದು ಕಡಿಮೆಯಾದರೆ ಮೂರು. ಎರಡೋ ಅದಕ್ಕಿಂತ ಹೆಚ್ಚೋ ಆದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದಿನ ಹೋಲಿಗೆ. ಒಂದು ಪೊದೆಯಲ್ಲಿ ಹತ್ತು ಹೊಡೆತ ಕಳೆದುಕೊಂಡವರ ಇಡೀ ಬೆಳಿಗ್ಗೆ ಹಾಳಾಗುವುದಿಲ್ಲ, ಹಿಂದಿನ ಗುಂಪೂ ಕಾಯಬೇಕಿಲ್ಲ. ಗುಡ್ಡದ ಮೈದಾನಕ್ಕೆ ಇದಕ್ಕಿಂತ ಹೊಂದುವ ಲೆಕ್ಕ ಇನ್ನೊಂದಿಲ್ಲ. ಒಂಬತ್ತು ಹೋಲಿಗೆ 18 ಅಂಕ ಬಂದರೆ ನಿಮ್ಮ ಹ್ಯಾಂಡಿಕ್ಯಾಪಿನಷ್ಟೇ ಆಡಿದಿರಿ ಎಂದರ್ಥ.

ನಿನ್ನೆ ಬರೆದ ಕಾರ್ಡನ್ನು ಜೊತೆಯಲ್ಲಿ ಇಟ್ಟುಕೊಳ್ಳಿ. ಎಲ್ಲೆಲ್ಲಿ ಗಿಡ್ಡ ಬಿತ್ತು, ಎಲ್ಲಿ ಗ್ರೀನ್ ದಾಟಿ ಓಡಿತು ಎಂದು ಪಕ್ಕದಲ್ಲಿ ಗೀಟು ಹಾಕಿಟ್ಟಿದ್ದರೆ ಇವತ್ತು ಕ್ಲಬ್ ಆರಿಸುವುದು ಸುಲಭ. ಹೆಚ್ಚಿನವರ ಕಾರ್ಡಿನಲ್ಲಿ ಗಿಡ್ಡ ಬಿದ್ದವೇ ಜಾಸ್ತಿ ಇರುತ್ತವೆ.

ಆಟ ಮುಗಿದ ಮೇಲೆ ಅವಸರ ಮಾಡಿ ಬಸ್ಸು ಹಿಡಿಯಬೇಡಿ. ಅರ್ಧ ಬಕೆಟ್ ನೀರು ಕೇಳಿ ಪಡೆದು, ಐರನ್‌ಗಳ ಮುಖವನ್ನಷ್ಟೇ ಅದ್ದಿ, ಬ್ರಷ್ಷಿನಿಂದ ಗೀರುಗಳ ಕೆಂಪು ಮಣ್ಣು ತೆಗೆಯಬೇಕು. ಕುತ್ತಿಗೆ ತನಕ ಮುಳುಗಿಸಿದರೆ ನೀರು ಒಳಗೆ ಇಳಿದು ಅಲ್ಲೇ ತುಕ್ಕಾಗುತ್ತದೆ. ಒಣ ಬೈರಾಸಿನಲ್ಲಿ ಒರೆಸಿ, ವೆಜ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ಶೂ ತಳದ ಮಣ್ಣನ್ನು ಅಲ್ಲೇ ಕೊಡವಿ. ಆ ಕೆಂಪು ಮಣ್ಣು ಬಸ್ಸಿನಲ್ಲಿ ಪಕ್ಕದವರ ಬಿಳಿ ಪಂಚೆಗೆ ತಾಗಿದರೆ ಹೋಗುವಂಥದ್ದಲ್ಲ. ಕ್ಯಾಡಿಯ ಲೆಕ್ಕವನ್ನು ಚಿಲ್ಲರೆ ಸಮೇತ ಕೈಗೇ ಕೊಡಿ.

ಉಡುಪಿ ಮುಟ್ಟಿದ ಮೇಲೆ ಚೀಲವನ್ನು ಮೂಲೆಗೆ ಒರಗಿಸಿ ಮರೆತರೆ ನಮ್ಮ ಹವೆಗೆ ವಾರದಲ್ಲಿ ಕೈಗವಸಿಗೆ ಬೂಷ್ಟು. ಎರಡನ್ನೂ ಮಡಚದೆ ಫ್ಯಾನಿನ ಕೆಳಗೆ ಹಗ್ಗಕ್ಕೆ ಸಿಕ್ಕಿಸಿ, ಚೀಲದ ಜಿಪ್ಪುಗಳನ್ನೆಲ್ಲ ತೆರೆದು, ಒಂದು ರಾತ್ರಿ ಹಾಗೆಯೇ ಬಿಡಿ. ಉಳಿದ ಚೆಂಡುಗಳನ್ನು ಎಣಿಸಿ ಬರೆದಿಡಿ: ಒಂಬತ್ತರಲ್ಲಿ ಎಷ್ಟು ವಾಪಸ್ ಬಂದವು ಎಂದು.